ಕೆಲಸ ಆಯಿತು ಸರಿ, ಫಲ ಬಂತೇ?



ಊರಿಗೊಂದು ಯೋಜನೆ ಬರುತ್ತದೆ. ಮೈಲುತುತ್ತ ಹಂಚುತ್ತೇವೆ, ಸಸಿ ಕೊಡುತ್ತೇವೆ, ಬಸಿಗಾಲುವೆ ತೆಗೆಸುತ್ತೇವೆ. ವರ್ಷದ ಕೊನೆಗೆ ‘ಗುರಿ ಮುಟ್ಟಿದೆ’ ಎಂದು ದಫ್ತರದಲ್ಲಿ ಬರೆದು ಸಹಿ ಹಾಕುತ್ತೇವೆ. ಗುರಿ ಎಂದರೆ ಯಾವುದು ಸ್ವಾಮಿ? ಹಂಚಿದ ಚೀಲವೋ, ಕೊನೆಯಲ್ಲಿ ನಿಂತ ಅಡಿಕೆಯೋ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಔಷಧಿಯ ಲೆಕ್ಕವನ್ನು ಕಿಲೋ ಬಿಡದೆ ಬರೆದಿಟ್ಟಿದ್ದೆ. ಒಬ್ಬ ಅಮ್ಮ ಕೇಳಿದರು: “ಅದೆಲ್ಲ ಸರಿ ಮಾರಾಯ್ರೆ, ಉದುರಿದ್ದೆಷ್ಟು ಅಂತ ಬರ್ಕೊಂಡಿದೀರಾ?” ಬರೆದಿರಲಿಲ್ಲ.

ಕೊಳೆರೋಗದ ಮಾತನ್ನೇ ತೆಗೆದುಕೊಳ್ಳಿ. ಮಳೆ ಕಡಿಮೆಯಾದ ವರ್ಷ ರೋಗವೂ ಕಡಿಮೆ. ಕೀರ್ತಿ ಔಷಧಿಗೆ ಹೋಗುತ್ತದೆ. ಮಳೆ ಬಿಡದೆ ಹೊಯ್ದರೆ ಬೈಗುಳವೂ ಔಷಧಿಗೇ. ಮೊದಲಿನ ಲೆಕ್ಕ ಕೈಯಲ್ಲಿಲ್ಲದವನಿಗೆ ನಿಜ ತಿಳಿಯುವುದು ಹೇಗೆ? ಅದಕ್ಕೇ ಹೀಗೆ ಮಾಡಿ. ತೋಟದ ತಗ್ಗಿನಲ್ಲಿ 5, ಮೇಲ್ಭಾಗದಲ್ಲಿ 5 ಮರಕ್ಕೆ ಸುಣ್ಣದ ಪಟ್ಟೆ ಬಳಿಯಿರಿ. ವಾರಕ್ಕೊಮ್ಮೆ ಅವುಗಳ ಬುಡದಲ್ಲಿ ಬಿದ್ದ ಕಾಯಿ ಎಣಿಸಿ. ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಲೆ ಇದ್ದದ್ದು ಬೇರೆ, ಇಲ್ಲದ್ದು ಬೇರೆ. ಎಣಿಸಿದ ಮೇಲೆ ಕೊಳೆತದ್ದನ್ನು ತೋಟದಲ್ಲಿ ಬಿಡಬೇಡಿ. ಔಷಧಿ ಹೊಡೆದ ತಾರೀಖು, ಆ ವಾರದ ಮಳೆ, ಮಿಶ್ರಣ ಕಲಸಿದವರು ಯಾರು, ಇಷ್ಟು ಬರೆದರೆ ಸಾಕು.

ಕಲಸಿದವರು ಯಾಕೆ ಅಂದಿರಾ? ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹಳೇ ಸುಣ್ಣವಾದರೆ ಹದ ಕೆಡುತ್ತದೆ. ಥಳಥಳಿಸುವ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಮೊದಲನೆಯದು ಮುಂಗಾರಿಗೆ ಮುಂಚೆ, ಎರಡನೆಯದು 40–45 ದಿನಕ್ಕೆ. ಕೊನೆಗಾರ ಸಿಗದೆ 60 ದಿನವಾಗಿದ್ದರೆ ಅದು ಔಷಧಿಯ ತಪ್ಪಲ್ಲ. ಚೀಟಿ ನೋಡಿದರೆ ಇದು ಗೊತ್ತಾಗುತ್ತದೆ, ಇಲ್ಲದಿದ್ದರೆ ಬರೀ ಜಗಳ. ಅದೂ ಅಲ್ಲದೆ, ವಾರ ವಾರ ಎಣಿಸುವವನಿಗೆ ಉದುರು ಏರಿದ್ದು ಆಗಲೇ ಕಾಣುತ್ತದೆ. ಬಿಸಿಲು ಬಿಟ್ಟ ದಿನವೇ ಮರ ಹತ್ತಿಸಬಹುದು. ವರ್ಷದ ಕೊನೆಯ ವರದಿಯಿಂದ ಆ ಉಪಯೋಗವಿಲ್ಲ.

ದೊಡ್ಡ ಯೋಜನೆಗೂ ಇದೇ ದಾರಿ. 2001ರಲ್ಲಿ ಮಂಜೂರಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಕಡೆ ನಡೆಯಿತು. ಅಲ್ಲಿ ಉಪಗ್ರಹ ಚಿತ್ರಗಳನ್ನೂ ಇಟ್ಟುಕೊಂಡು ಮೊದಲಿನ ಸ್ಥಿತಿಗೂ ಆಮೇಲಿನ ಸ್ಥಿತಿಗೂ ತಾಳೆ ನೋಡಿದರು. ಹೋಲಿಸಬೇಕು ಅಂತ ನೀವು ಮರಗಳಿಗೆ ಔಷಧಿ ಹೊಡೆಯದೆ ಬಿಡಬೇಡಿ, ರೋಗ ನೆರೆಯವರಿಗೂ ಹಬ್ಬೀತು. ಹೊತ್ತಿಗೆ ಹೊಡೆದ ತೋಟ, ತಡವಾದ ತೋಟ ಎರಡನ್ನು ಹೋಲಿಸಿದರೆ ಆಯಿತು.

ಇನ್ನೊಂದು ತೊಡಕು ಹೆದರಿಕೆಯದು. ನಷ್ಟ ಹೇಳಿದರೆ ಬರುವ ಸಹಾಯಧನ ನಿಂತೀತು ಎಂದು ಊರವರು “ಎಲ್ಲ ಚೆನ್ನಾಗಿದೆ” ಅಂತಾರೆ. ನಾವೋ, ರಸ್ತೆ ಬದಿಯ ಒಳ್ಳೇ ತೋಟವನ್ನೇ ಮೇಲಿನವರಿಗೆ ತೋರಿಸಿ ಕಾಫಿ ಕುಡಿಸಿ ಕಳಿಸುತ್ತೇವೆ! ಫಲಾನುಭವಿಗಳ ಹೆಸರನ್ನೆಲ್ಲ ಚೀಟಿ ಬರೆದು ಮಗುವಿನ ಕೈಯಲ್ಲಿ ಎತ್ತಿಸಿ, ಬಂದ ಮನೆಗೆ ಹೋಗಬೇಕು, ಹಳ್ಳ ದಾಟಬೇಕಾದರೂ ಸರಿ. ಯಜಮಾನರನ್ನು ಕೇಳಿದ ಮೇಲೆ ಉದುರಡಿಕೆ ಹೆಕ್ಕುವ ಹೆಂಗಸರನ್ನೂ ಕೇಳಬೇಕು.

ಮುಂಗಾರು ಮುಗಿದ ಮೇಲಿನ ಗ್ರಾಮಸಭೆಗೆ ನಿಮ್ಮ ಚೀಟಿ ತನ್ನಿ. ನನ್ನ ಪುಸ್ತಕದಲ್ಲಿ ಉದುರಿದ ಅಡಿಕೆಗೂ ಒಂದು ಕಲಂ ಗೀಟು ಹಾಕಿಟ್ಟಿದ್ದೇನೆ.