ಗ್ವಾರ್: ನೋಡಿದವರು ಬಹಳ, ಕೇಳಿದವರು ಕಡಿಮೆ

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಒಂದು ಹಳೆಯ ಡೇರಿ ಕಟ್ಟಡವಿದೆ. ಅದರ ಮೂಲೆಗಳಲ್ಲಿ ಗೋಪುರದ ಹಾಗೆ ನಿಂತಿರುವುದು ದೈತ್ಯ ಗಾತ್ರದ ಹಾಲಿನ ಬಾಟಲಿಗಳು. ಹಾಲಿನ ವ್ಯವಹಾರ ನಿಂತು ಹೋದ ಮೇಲೆ, 1980ರ ದಶಕದಲ್ಲಿ ಅಲ್ಲಿ ಕಲಾವಿದರೂ ಸಂಗೀತಗಾರರೂ ಬಿಡಾರ ಹೂಡಿದರು. ಕಲಾ ವಿದ್ಯಾರ್ಥಿಯಾಗಿದ್ದ ಹಂಟರ್ ಜಾಕ್ಸನ್ ಅನ್ಯಗ್ರಹದ ರಾಕ್ಷಸರ ಸಿನಿಮಾ ಮಾಡಬೇಕೆಂದು ವೇಷ, ಆಯುಧಗಳನ್ನು ತಯಾರಿಸುತ್ತಿದ್ದ. ಅದೇ ಕಟ್ಟಡದಲ್ಲಿ ಡೇವ್ ಬ್ರಾಕಿ ತನ್ನ ಪಂಕ್ ತಂಡ ಡೆತ್ ಪಿಗ್ಗಿಯ ತಾಲೀಮು ನಡೆಸುತ್ತಿದ್ದ. ಒಮ್ಮೆ ಬ್ರಾಕಿ ಆ ವೇಷಗಳನ್ನು ಕೇಳಿ ಪಡೆದು, ತನ್ನ ತಂಡದ ಕಾರ್ಯಕ್ರಮಕ್ಕೆ ಮುಂಚೆ ಒಂದು ತಮಾಷೆಯ ತಂಡವನ್ನು ವೇದಿಕೆ ಹತ್ತಿಸಿದ. ಜನ ತಮಾಷೆಯ ತಂಡವನ್ನು ನೋಡಿ, ಡೆತ್ ಪಿಗ್ಗಿ ಶುರುವಾಗುವ ಮೊದಲೇ ಎದ್ದು ಹೋಗತೊಡಗಿದರು. 1984ರಲ್ಲಿ ಗ್ವಾರ್ ಹುಟ್ಟಿದ್ದು ಹೀಗೆ.

ತಂಡಕ್ಕೊಂದು ಪುರಾಣವೇ ಇದೆ. ಬ್ರಹ್ಮಾಂಡದ ಒಡೆಯನ ಸೇವೆಯಲ್ಲಿದ್ದ ಯೋಧರು ತಪ್ಪು ಮಾಡಿ ಭೂಮಿಗೆ ಗಡಿಪಾರಾಗುತ್ತಾರೆ, ಅಂಟಾರ್ಕ್ಟಿಕಾದ ಹಿಮದಲ್ಲಿ ಹೂತು ಹೋಗುತ್ತಾರೆ. ಓಜೋನ್ ಪದರ ತೂತಾಗಿ ಹಿಮ ಕರಗಿದಾಗ ಎದ್ದು ಬಂದು ಹೆವಿ ಮೆಟಲ್ ಬ್ಯಾಂಡ್ ಕಟ್ಟುತ್ತಾರೆ. ಗಾಯಕ ಬ್ರಾಕಿಯ ಪಾತ್ರದ ಹೆಸರು ಓಡೆರಸ್ ಉರುಂಗಸ್. ಗಿಟಾರ್ ನುಡಿಸುವ ಮೈಕ್ ಡರ್ಕ್ಸ್‌ನ ತಲೆಯ ಜಾಗದಲ್ಲಿ ಬೇಟೆಯ ಕತ್ತರಿಬೋನಿನಂಥ ದೊಡ್ಡ ಉಕ್ಕಿನ ದವಡೆ. ಡ್ರಮ್ಸ್ ಬಾರಿಸುವುದು ಬ್ರಾಡ್ ರಾಬರ್ಟ್ಸ್. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಾಗ ಸಭೆಯಲ್ಲಿ ಏಳುವ ರೋಮಾಂಚನವನ್ನು ಬಲ್ಲವರಿಗೆ ಈ ವೇಷಗಳ ಸೆಳೆತ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವೇಷಗಳ ಹಿಂದೆ ಇರುವುದು ಸ್ಲೇವ್ ಪಿಟ್ ಎಂಬ ಕಾರ್ಯಾಗಾರ. ಜಾಕ್ಸನ್, ಚಕ್ ವಾರ್ಗಾ, ಡಾನ್ ಡ್ರಾಕುಲಿಚ್, ಆಮೇಲೆ ಬಂದ ಬಾಬ್ ಗೋರ್ಮನ್, ಮ್ಯಾಟ್ ಮಗ್ವೈರ್ ಇಲ್ಲಿ ದುಡಿದ ಕಸಬುದಾರರು. ರಬ್ಬರು, ಫೋಮು, ಲೇಟೆಕ್ಸ್ ಸೇರಿಸಿ ಇವರು ಕಟ್ಟಿದ ಬೊಂಬೆಗಳ ರುಂಡ ಪ್ರತಿ ಕಾರ್ಯಕ್ರಮದಲ್ಲೂ ಹಾರುತ್ತದೆ. ರಾಜಕಾರಣಿ, ಧರ್ಮಗುರು, ಸಿನಿಮಾ ತಾರೆ, ಯಾರಿಗೂ ವಿನಾಯಿತಿ ಇಲ್ಲ. ಕತ್ತರಿಸಿದ ಕತ್ತಿನಿಂದ ಕೆಂಪು ದ್ರವ ಕಾರಂಜಿಯ ಹಾಗೆ ಚಿಮ್ಮಿ ಮುಂದಿನ ಸಾಲುಗಳನ್ನು ತೋಯಿಸುತ್ತದೆ. ಆ ರಕ್ತ ಬರೀ ನೀರು, ತಿನ್ನುವ ಬಣ್ಣ, ಅದನ್ನು ಗಟ್ಟಿ ಮಾಡಲು ಕ್ಯಾರಗೀನನ್ ಎಂಬ ಕಡಲಪಾಚಿಯ ಪುಡಿ. ಅಭಿಮಾನಿಗಳು ಬೇಕೆಂದೇ ಬಿಳಿ ಅಂಗಿ ತೊಟ್ಟು ಬರುತ್ತಾರೆ. ಕಲೆಯಾದ ಅಂಗಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಚಿತ್ರಕಾರರು, ಶಿಲ್ಪಿಗಳು, ವಾದ್ಯಗಾರರು ಸಮಾನರಾಗಿ ನಡೆಸಿಕೊಂಡು ಬಂದ ಇಂಥ ಸಂಸ್ಥೆ ರಾಕ್ ಸಂಗೀತದಲ್ಲಿ ಬಲು ಅಪರೂಪ.

ಈ ಆಟದ ಗದ್ದಲದಲ್ಲಿ ತಂಡದ ಸಂಗೀತ ಮಾತ್ರ ಮೂಲೆಗೆ ಸರಿದುಬಿಟ್ಟಿತು. ಗ್ವಾರ್ ಎಂದರೆ 1990ರ ‘ಸ್ಕಮ್‌ಡಾಗ್ಸ್ ಆಫ್ ದ ಯೂನಿವರ್ಸ್’ ಒಂದೇ ಎಂಬಂತೆ ವಿಮರ್ಶಕರೂ ಮಾತಾಡುತ್ತಾರೆ. ಅದು ಒಳ್ಳೆಯ ಆಲ್ಬಮ್, ಆ ಮಾತಿನಲ್ಲಿ ತಕರಾರಿಲ್ಲ. ಆದರೆ ಆಮೇಲೆ ಬಂದವುಗಳನ್ನು ಕೇಳದೆ ಬಿಟ್ಟವರಿಗೆ ದೊಡ್ಡ ನಷ್ಟವಾಗಿದೆ.

ಅದೇ 1990ರಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ನಗರದಲ್ಲಿ, ವೇಷ ಅಶ್ಲೀಲವಾಗಿದೆ ಎಂದು ಪೊಲೀಸರು ಬ್ರಾಕಿಯನ್ನು ಬಂಧಿಸಿದರು. ಅದಕ್ಕೆ ಉತ್ತರವಾಗಿ 1992ರಲ್ಲಿ ಬಂದದ್ದು ‘ಅಮೆರಿಕಾ ಮಸ್ಟ್ ಬಿ ಡಿಸ್ಟ್ರಾಯ್ಡ್’. ಆ ಆಲ್ಬಮ್‌ನ ಕತೆಯಲ್ಲಿ ನೀತಿ ಕಾಯುವ ಪಡೆಯೊಂದು ತಂಡದ ಬೆನ್ನು ಹತ್ತುತ್ತದೆ. ಗೊರ್-ಗೊರ್ ಎಂಬ ಡೈನೋಸಾರ್ ಮೊಟ್ಟೆಯೊಡೆದು ಬರುತ್ತದೆ. ಕತೆ ಇಷ್ಟು ಅಸಂಬದ್ಧವಾಗಿದ್ದರೂ ಹಾಡುಗಳ ಕಟ್ಟು ಬಿಗಿಯಾಗಿದೆ. ‘ದ ರೋಡ್ ಬಿಹೈಂಡ್’ ಹಾಡನ್ನೇ ನೋಡಿ. ಊರೂರು ಅಲೆಯುವ ಕಲಾವಿದನ ನೋವನ್ನು ಆ ಕಾಲದ ಮೆಟಲ್ ತಂಡಗಳೆಲ್ಲ ನಿಧಾನಗತಿಯ ಭಾವಗೀತೆಯಲ್ಲಿ ತೋಡಿಕೊಳ್ಳುತ್ತಿದ್ದವು. ಗ್ವಾರ್ ಅದರ ಅಣಕ ಮಾಡುತ್ತದೆ, ಆದರೆ ಮನ ಕಲಕುವ ರಾಗವೊಂದನ್ನು ನಿಜವಾಗಿಯೂ ಕಟ್ಟಿ ಕೊಡುತ್ತದೆ. ಅಣಕಿಸುವವನಿಗೆ ಅಸಲಿನ ಮೇಲೆ ಪೂರ್ಣ ಹಿಡಿತ ಇರದಿದ್ದರೆ ಇದು ಸಾಧ್ಯವಾಗದು.

ಎಲ್ಲಕ್ಕಿಂತ ಹೆಚ್ಚು ಅನ್ಯಾಯಕ್ಕೊಳಗಾದದ್ದು 1994ರ ‘ದಿಸ್ ಟಾಯ್ಲೆಟ್ ಅರ್ಥ್’. ಅದರ ‘ಸದ್ದಾಂ ಎ ಗೋ-ಗೋ’ ಹಾಡಿನಲ್ಲಿ ಗಿಟಾರಿನ ಜೊತೆ ತುತ್ತೂರಿಗಳ ಸಾಲು ನುಗ್ಗಿ ಬರುತ್ತದೆ. ಕೊಲ್ಲಿ ಯುದ್ಧವನ್ನು ಟಿವಿಯಲ್ಲಿ ಮನರಂಜನೆಯಾಗಿ ನೋಡಿದ ದೇಶಕ್ಕೆ ಕುಣಿತದ ಲಯದಲ್ಲೇ ಚುಚ್ಚುವ ಹಾಡು ಅದು. ಮೈಕ್ ಬಿಷಪ್‌ನ ಬೇಸ್ ಗಿಟಾರನ್ನು ಒಮ್ಮೆ ಬೇರೆಯಾಗಿಯೇ ಗಮನಿಸಿ ಕೇಳಬೇಕು. ಮೆಟಲ್‌ನಲ್ಲಿ ಸಾಮಾನ್ಯವಾಗಿ ಗಿಟಾರಿನ ಹಿಂದೆ ಮರೆಯಾಗುವ ಆ ವಾದ್ಯ ಇಲ್ಲಿ ಹಾಡನ್ನು ಕೈಹಿಡಿದು ನಡೆಸುತ್ತದೆ.

1995ರ ‘ರಾಗ್ನರೋಕ್’ ಕತ್ತಲೆಯ ಕಡೆ ತಿರುಗುತ್ತದೆ. ಬಿಷಪ್‌ನ ಜಾಗದಲ್ಲಿ ಟೆಕ್ಸಸ್‌ನ ರಿಗರ್ ಮಾರ್ಟಿಸ್ ತಂಡದಿಂದ ಬಂದ ಕೇಸಿ ಆರ್ ಬೇಸ್ ಹಿಡಿದ. ಅದರಲ್ಲಿನ ‘ವಾರ್‌ಗೂಲ್’, ಯುದ್ಧವನ್ನೇ ಉಂಡು ಬದುಕುವ ಪಿಶಾಚಿಯ ಹಾಡು. ಅದರಲ್ಲಿ ನಗುವಿಗೆ ಎಡೆಯೇ ಇಲ್ಲ. ಬ್ರಾಕಿ ಮುಂದೆ ಇದೇ ಹೆಸರಿನ ಕಾದಂಬರಿಯನ್ನೂ ಬರೆದ. 1997ರ ‘ಕಾರ್ನಿವಲ್ ಆಫ್ ಕೇಯಾಸ್’ ಹೆಸರಿಗೆ ತಕ್ಕ ಸಂತೆ. ಕುಡುಕರ ಕೋರಸ್ಸು ಇದೆ. ತಂಡದ ಕಲಾವಿದೆ ಡೇನಿಯಲ್ ಸ್ಟ್ಯಾಂಪ್ ಮುಖ್ಯ ಗಾಯಕಿಯಾಗಿ ನಿಂತ ಹಾಡಿದೆ. ಟೆಕ್ನೋ ಡಿಸ್ಟ್ರಕ್ಟೋ ಎಂಬ ಖಳನ ವೇಷದಲ್ಲಿ ಜಾಕ್ಸನ್ ತನ್ನ ಒಳನೋವು ತೋಡಿಕೊಳ್ಳುವ, ರಂಗನಾಟಕದಂಥ ಹಾಡಿದೆ. ಉದ್ದ ಹೆಚ್ಚಾಯಿತು, ನಿಜ. ಆದರೂ ಇಷ್ಟು ಬಗೆಯ ಸಂಗೀತವನ್ನು ಒಂದೇ ತಂಡ ನುಡಿಸಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1999ರ ‘ವಿ ಕಿಲ್ ಎವ್ರಿಥಿಂಗ್’ ಬಗ್ಗೆ ಹೆಚ್ಚು ಹೇಳಲಾರೆ. ನಗೆಯೇ ಎಲ್ಲವೂ ಆಗಿ ಸಂಗೀತ ತೆಳುವಾದ ಆಲ್ಬಮ್ ಅದು. ತಂಡಕ್ಕೂ ಅದು ಅರಿವಾಗಿರಬೇಕು. 2001ರ ‘ವಯಲೆನ್ಸ್ ಹ್ಯಾಸ್ ಅರೈವ್ಡ್’ನಲ್ಲಿ ತಮಾಷೆಯನ್ನು ಹಿಂದೆ ಸರಿಸಿ, ಶುದ್ಧ ಮೆಟಲ್‌ಗೆ ಮರಳಿತು. ‘ಇಮ್ಮಾರ್ಟಲ್ ಕರಪ್ಟರ್’ನಲ್ಲಿ ಡರ್ಕ್ಸ್‌ನ ಗಿಟಾರು, ರಾಬರ್ಟ್ಸ್‌ನ ಡ್ರಮ್ಸು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಪರಿ ಯಾವ ಗಂಭೀರ ಮೆಟಲ್ ತಂಡಕ್ಕೂ ಕಡಿಮೆಯಲ್ಲ.

ಮುಂದಿನ ಕತೆ ನೋವಿನದು. 2011ರ ನವೆಂಬರ್ 3ರಂದು ಗಿಟಾರ್ ವಾದಕ ಕೋರಿ ಸ್ಮೂಟ್ ಪ್ರವಾಸದ ಬಸ್ಸಿನಲ್ಲೇ ತೀರಿಕೊಂಡ. ಅವನು ತೊಡುತ್ತಿದ್ದ ವೇಷವನ್ನು ಇನ್ನಾರಿಗೂ ಕೊಡದೆ ತಂಡ ಆ ಪಾತ್ರವನ್ನೇ ನಿವೃತ್ತಿಗೊಳಿಸಿತು. 2014ರ ಮಾರ್ಚ್ 23ರಂದು ಬ್ರಾಕಿ ಹೋದ, ಐವತ್ತನೆಯ ವಯಸ್ಸಿನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಚ್ಮಂಡ್‌ನಲ್ಲಿ ಓಡೆರಸ್ ವೇಷವನ್ನು ದೋಣಿಯಲ್ಲಿ ಮಲಗಿಸಿ, ವೈಕಿಂಗ್ ವೀರರಿಗೆ ಮಾಡುವಂತೆ ಅಗ್ನಿಗೆ ಒಪ್ಪಿಸಿದರು. ತಂಡ ಮುಗಿಯಿತೆಂದು ಜನ ಅಂದುಕೊಂಡಾಗ, ಹಿಂದೆ ಬೇಸ್ ನುಡಿಸುತ್ತಿದ್ದ ಮೈಕ್ ಬಿಷಪ್ ಮರಳಿ ಬಂದ. ನಡುವಿನ ವರ್ಷಗಳಲ್ಲಿ ಅವನು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಂಗೀತದಲ್ಲಿ ಪಿಎಚ್.ಡಿ. ಮಾಡಿದ್ದ. ಈಗ ಬ್ಲೋಥಾರ್ ಎಂಬ ಕೊಂಬಿನ ವೇಷ ತೊಟ್ಟು ಅವನೇ ಹಾಡುತ್ತಾನೆ.

2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕೇಳಲು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಿಂತವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟು: ಗ್ವಾರ್‌ನ ವಿಡಿಯೊಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲು ‘ವಯಲೆನ್ಸ್ ಹ್ಯಾಸ್ ಅರೈವ್ಡ್’, ಆಮೇಲೆ ‘ದಿಸ್ ಟಾಯ್ಲೆಟ್ ಅರ್ಥ್’, ಕೊನೆಗೆ ‘ರಾಗ್ನರೋಕ್’ ಕೇಳಿ. ಪದಗಳು ಹಲವೆಡೆ ತೀರಾ ಒರಟು, ಕೆಲವು ಹಾಡುಗಳು ಹೊಲಸು. ಮಕ್ಕಳಿರುವಲ್ಲಿ ಹಾಕಬೇಡಿ, ಹಿಡಿಸದ ಹಾಡನ್ನು ದಾಟಿಸಿ ಮುಂದೆ ಹೋಗಿ. ಉಳಿದವು ನಿಮ್ಮ ಸಮಯಕ್ಕೆ ಮೋಸ ಮಾಡುವುದಿಲ್ಲ.