ಆಂಪ್ಲಿಫೈಯರ್ ಕೊಳ್ಳುವ ಮುನ್ನ ಬೆನ್ನು ನೋಡಿ

ಬೆಂಗಳೂರಿನ ಅಂಚಿನ ಹೆಬ್ಬಗೋಡಿಯ ಒಳರಸ್ತೆಯ ರಿಪೇರಿ ಅಂಗಡಿಯಲ್ಲಿ ಮೊನ್ನೆ ಎರಡು ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್‌ಗಳು ಮುಚ್ಚಳ ಬಿಚ್ಚಿಕೊಂಡು ಅಕ್ಕಪಕ್ಕ ಕೂತಿದ್ದವು. ಒಂದು ಹಳೆಯದು: ಎತ್ತಿದರೆ ಕೈ ಜಗ್ಗುವ ಟ್ರಾನ್ಸ್‌ಫಾರ್ಮರ್, ಅಂಗೈಯಗಲದ ಹೀಟ್‌ಸಿಂಕ್ ಮೇಲೆ 2ಎನ್3055 ಪವರ್ ಟ್ರಾನ್ಸಿಸ್ಟರ್‌ಗಳು, ಅವುಗಳ ಹಿಂದೆ ಪುಟ್ಟ ಎಸ್‌ಎಲ್100. ಇನ್ನೊಂದು ಹೊಸದು: ಮುಖದ ಮೇಲೆ ‘1000 ವ್ಯಾಟ್ ಪಿಎಂಪಿಒ’ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್), ಹೊಟ್ಟೆಯೊಳಗೆ ಮುಕ್ಕಾಲು ಖಾಲಿ.

“ಮುಂದೆ ಬರೆದಿರೋದು ಬಿಡಿ ಸಾರ್, ಹಿಂದಗಡೆ ಓದಿ” ಎಂದು ಮೆಕ್ಯಾನಿಕ್ ಹೊಸದನ್ನು ತಿರುಗಿಸಿ ಹಿಡಿದರು. ಅಲ್ಲಿತ್ತು: 230 ವೋಲ್ಟ್, 40 ವ್ಯಾಟ್.

ಆ ಸಣ್ಣ ಅಕ್ಷರ ನನ್ನನ್ನು ಇನ್ನೂ ಬಿಟ್ಟಿಲ್ಲ. ಪ್ಲಗ್ಗಿನಿಂದ 40 ವ್ಯಾಟ್ ಎಳೆಯುವ ಪೆಟ್ಟಿಗೆ ಸ್ಪೀಕರಿಗೆ 1000 ಎಲ್ಲಿಂದ ತಂದೀತು? ಕ್ಲಾಸ್ ಬಿ ಸರ್ಕ್ಯೂಟಿನ ದಕ್ಷತೆ ಲೆಕ್ಕದಲ್ಲೇ ಶೇ 78.5 ದಾಟದು, ಮಿಕ್ಕಿದ್ದೆಲ್ಲ ಶಾಖ. ಹಾಗಾಗಿ ಎರಡೂ ಚಾನೆಲ್ ಸೇರಿ ಎಡೆಬಿಡದೆ 30 ವ್ಯಾಟ್ ಕೊಟ್ಟರೆ ದೊಡ್ಡದು. ಹಗುರವಾದ ಕ್ಲಾಸ್ ಡಿ ಇನ್ನಷ್ಟು ಮಿತವ್ಯಯಿ, ನಿಜ. ಆದರೆ ಅದೂ ಎಳೆದದ್ದಕ್ಕಿಂತ ಹೆಚ್ಚು ಕೊಡಲಾರದು. ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಕೆಪಾಸಿಟರ್‌ಗಳು ಕಣ್ಣು ಮಿಟುಕಿಸುವುದರೊಳಗೆ ಉಗುಳುವ ಶಕ್ತಿಯನ್ನು ಹಿಗ್ಗಿಸಿ ಬರೆದರೂ ಕೇಳುವವರಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿರಂತರ ವ್ಯಾಟನ್ನೇ ಜಾಹೀರಾತಿನಲ್ಲಿ ಹೇಳಬೇಕೆಂದು ನಿಯಮ ತಂದಿತು. ಅರ್ಧ ಶತಮಾನ ಕಳೆದರೂ ನಮ್ಮ ಅಂಗಡಿಗಳಲ್ಲಿ ಪಿಎಂಪಿಒ ಮೆರೆಯುವುದು ಗಿರಾಕಿಗೆ ಮಾಡುವ ಅನ್ಯಾಯ.

ಇದು ನಡೆಯುವುದು ಬೆಂಗಳೂರಿನಲ್ಲಿ ಎಂಬುದು ಇನ್ನೂ ಬೇಸರ. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1962ರಲ್ಲೇ ಇಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆ ಆರಂಭಿಸಿತು. ಬಿಇಎಲ್ ಗುರುತಿನ ಎಸ್‌ಎಲ್100 ಬೆಸುಗೆ ಹಾಕಿಯೇ ಎಷ್ಟೋ ಹುಡುಗರು ಎಲೆಕ್ಟ್ರಾನಿಕ್ಸ್ ಕಲಿತರು.

ಹಾಗಾದರೆ ಆರಿಸುವುದು ಹೇಗೆ? ಮೊದಲು ಸ್ಪೀಕರ್ ನೋಡಿ. 87 ಡೆಸಿಬೆಲ್ ಸಂವೇದನೆಯ 8 ಓಮ್ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. ಫ್ಲ್ಯಾಟಿನ ಕೋಣೆಗೆ ಅದೇ ಜೋರು. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 1978ರ ಎನ್‌ಎಡಿ 3020 ಆಂಪ್ಲಿಫೈಯರ್ ಚಾನೆಲ್ಲಿಗೆ 20 ವ್ಯಾಟ್ ಎಂದಷ್ಟೇ ಹೇಳಿಕೊಂಡು ಜಗತ್ತಿನ ಮನೆಮನೆ ಹೊಕ್ಕಿತು. ಸ್ಪೀಕರ್ 4 ಓಮ್‌ನದಾದರೆ ಹೆಚ್ಚು ಕರೆಂಟ್ ಎಳೆಯುತ್ತದೆ. ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಹತ್ತು-ಹನ್ನೆರಡು ಅಡಿಯ ಕೋಣೆಗೆ ಚಾನೆಲ್ಲಿಗೆ 30 ಪ್ರಾಮಾಣಿಕ ವ್ಯಾಟ್ ಧಾರಾಳ. ಉಳಿದ ಹಣವನ್ನು ಸ್ಪೀಕರ್ ಮೇಲೆ ಹಾಕಿ.