ಬೋರ್ಡಲ್ಲಿ ಉಪ್ಪಿನಂಗಡಿ, ಬಾಯಲ್ಲಿ ಉಬಾರ್

ಪೆರಾಬೆಯಲ್ಲಿ ಬಸ್ಸಿಗೆ ಕಾಯ್ತಿರೋ ಅಜ್ಜಿಯನ್ನು ಎಲ್ಲಿಗೆ ಅಂತ ಕೇಳಿ. "ಉಬಾರ್‌ಗೆ" ಅಂತಾರೆ. ಬಸ್ಸಿನ ಬೋರ್ಡಲ್ಲಿರೋದು ಉಪ್ಪಿನಂಗಡಿ. ಎರಡೂ ಒಂದೇ ಊರು. ಒಂದು ತುಳು ಹೆಸರು, ಇನ್ನೊಂದು ಕನ್ನಡದ್ದು.

ಕನ್ನಡದ ಹೆಸರು ಬಿಡಿಸಿದರೆ ಉಪ್ಪಿನ ಅಂಗಡಿ. ಕುಮಾರಧಾರೆ ಇಲ್ಲೇ ನೇತ್ರಾವತಿಯನ್ನು ಸೇರುತ್ತದೆ. ನದಿಯೇ ದಾರಿಯಾಗಿದ್ದ ಕಾಲದಲ್ಲಿ ಕಡಲ ಕಡೆಯ ಉಪ್ಪು ದೋಣಿಯಲ್ಲಿ ಇಲ್ಲಿಗೆ ಬರುತ್ತಿತ್ತು ಅಂತಾರೆ ಹಿರಿಯರು.

ಮದ್ರಾಸ್ ಪ್ರಾಂತ್ಯದ ದಿನಗಳಲ್ಲಿ ಇಡೀ ತಾಲೂಕಿಗೇ ಈ ಹೆಸರಿತ್ತು. 20ನೇ ಶತಮಾನದ ಆರಂಭದಲ್ಲಿ ತಾಲೂಕು ಕಚೇರಿ ಪುತ್ತೂರಿನಲ್ಲಿದ್ದರೂ ಕಾಗದದಲ್ಲಿ ಉಪ್ಪಿನಂಗಡಿ ತಾಲೂಕು! ಆಮೇಲೆ ಅದು ಪುತ್ತೂರು ತಾಲೂಕಾಯ್ತು. ಈಗ ಪೆರಾಬೆ ಇರೋದು ಕಡಬ ತಾಲೂಕಿನಲ್ಲಿ. ಮನೆ ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಾ ಬಂತು. ಅಜ್ಜನ ಕಾಲದ ಜಾಗದ ಪತ್ರ ಹುಡುಕುವಾಗ ಇದು ನೆನಪಿರಲಿ.

ಉಬಾರ್ ಮಾತ್ರ ಯಾವ ಕಚೇರಿಯ ಹಂಗೂ ಇಲ್ಲದೆ ಉಳಿಯಿತು. ಬೆಳ್ತಂಗಡಿಗೆ ಬೊಳ್ತೇರ್, ಮೂಡುಬಿದಿರೆಗೆ ಬೆದ್ರ, ಮಂಗಳೂರಿಗೆ ಕುಡ್ಲ ಇದ್ದ ಹಾಗೆ. ಇವನ್ನು ಉಳಿಸಿದ್ದು ದಾಖಲೆಯಲ್ಲ, ಮಾತು.

ಈ ಸಲ ಊರಿಗೆ ಹೋದಾಗ ಅಜ್ಜಿ ಹತ್ತಿರ ಕೂತು ನಿಮ್ಮ ಗುಡ್ಡೆ, ಬೈಲು, ತೋಡುಗಳ ಹೆಸರು ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಮ್ಯಾಪಲ್ಲಿ ಅವು ಸಿಗೋದಿಲ್ಲ.